ನೀರಿನ ಟ್ಯಾಂಕಿಗೆ ಶ್ರುತಿ

ಸರ್ಕಾರ ಹೊರಗಿನವರಿಂದ ಏನಾದರೂ ಕೆಲಸ ಮಾಡಿಸಿಕೊಳ್ಳಬೇಕಾದರೆ ಮೊದಲು ಆ ಕೆಲಸ ಯಾವ ಗುಂಪಿನದು ಎಂದು ತೀರ್ಮಾನವಾಗಬೇಕು. ಅದನ್ನು ತೀರ್ಮಾನಿಸುವುದಕ್ಕೆಂದೇ ಒಂದು ಶಾಖೆ ಇದೆ, ವರ್ಗೀಕರಣ ಶಾಖೆ. ಅದರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು, ಗಂಟೆ ಬಾರಿಸಿದಾಗ ಎದ್ದು ಒಳಗೆ ಹೋಗಿ, ನಾನು ಆಯುಸ್ಸಿನ ಬಹುಭಾಗ ಕಳೆದೆ. ಓದಿದ್ದು ಕಡಿಮೆ. ಆದರೆ ಬಾಗಿಲಲ್ಲಿ ಕೂತವನಿಗೆ ಒಳಗಿನದೂ ಕೇಳುತ್ತದೆ, ಹೊರಗಿನದೂ ಕಾಣುತ್ತದೆ.

ಅಲ್ಲಿ ಇದ್ದದ್ದು ಎರಡೇ ದೊಡ್ಡ ಗುಂಪು. ಲೈಸೆನ್ಸು ಪಡೆದ ಇಂಜಿನಿಯರು ಮಾಡಬೇಕಾದ ಕೆಲಸ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಮೊದಲನೆಯದಕ್ಕೆ ದರ ಕೇಳುವಂತಿಲ್ಲ; ಯಾರಿಗೆ ಹೆಚ್ಚು ತಿಳಿದಿದೆ ಎಂದು ನೋಡಿ ಕೊಡಬೇಕು. ಎರಡನೆಯದಕ್ಕೆ ತಿಳಿವಳಿಕೆ ಕೇಳುವಂತಿಲ್ಲ. ಯಾರ ದರ ಕಡಿಮೆ ಎಂದು ನೋಡಿ ಕೊಡಬೇಕು. ಹೀಗಾಗಿ ತೀರ್ಮಾನ ಒಂದು ಕೂದಲೆಳೆ ಆಚೀಚೆಯಾದರೆ, ಸೇತುವೆಯ ಲೆಕ್ಕ ಹಾಕಬೇಕಾದವನ ಜಾಗಕ್ಕೆ ಸುಣ್ಣ ಬಳಿಯುವವನು ಬಂದು ನಿಲ್ಲುತ್ತಿದ್ದ. ಬಂದೂ ಇದ್ದಾನೆ.

ತೀರ್ಮಾನಿಸುವ ರೀತಿಗೆ ನಮ್ಮ ಶಾಖೆಯಲ್ಲಿ ‘ಕೈ ನೋಡುವುದು’ ಎನ್ನುತ್ತಿದ್ದರು. ಮೊಟ್ಟಮೊದಲು ಆ ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ಹಾಕಿಕೊಟ್ಟ ಕ್ರಮ ಅದು. ಕಾಗದದಲ್ಲಿ ಯಾರು ಏನು ಬೇಕಾದರೂ ಬರೆಯುತ್ತಾರೆ, ಕೈ ಸುಳ್ಳು ಹೇಳುವುದಿಲ್ಲ ಎಂದು ಅವರು ಹೇಳಿದ್ದರಂತೆ. ಮಾತು ಒಳ್ಳೆಯದೇ. ಕೆಲಸಗಾರ ತನ್ನ ಕೆಲಸದ ಸಾಮಾನು ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಲ್ಲಬೇಕು. ಕೈಯಲ್ಲಿ ಇದ್ದದ್ದನ್ನು ನೋಡಿ ಗುಂಪು ಹೇಳಬೇಕು. ಕತ್ತರಿ ಹಿಡಿದವನು ತೋಟಗಾರಿಕೆ, ಪೊರಕೆ ಹಿಡಿದವನು ಶುಚಿತ್ವ, ಪೆನ್ನು ಮತ್ತು ನಕ್ಷೆಯ ಸುರುಳಿ ಹಿಡಿದವನು ಇಂಜಿನಿಯರು. ಕಾಲ ಕಳೆದಂತೆ ಒಳ್ಳೆಯ ಮಾತು ಹೋಯಿತು, ಕೈ ಉಳಿಯಿತು. ನೀರೊಳಗೆ ಮುಳುಗಿ ಸೇತುವೆಯ ಬುಡ ಪರೀಕ್ಷಿಸುವ ಇಂಜಿನಿಯರೊಬ್ಬ ಟವೆಲ್ಲು ಹಿಡಿದು ಬಂದು ಸ್ನಾನಗೃಹ ನಿರ್ವಹಣೆಗೆ ಸೇರಿಹೋದದ್ದನ್ನು ನಾನೇ ನೋಡಿದ್ದೇನೆ. ಆ ಮೇಲೆ ಬುದ್ಧಿವಂತ ಇಂಜಿನಿಯರುಗಳೆಲ್ಲ ಖಾಲಿ ಹಾಳೆಯ ಸುರುಳಿಯೊಂದನ್ನು ಕಾರಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು.

ನಾನು ನಿವೃತ್ತನಾದ ಮೇಲೆ ಮಗನ ಜೊತೆ ಇದ್ದೇನೆ. ಮಗ ಸರ್ಕಾರಿ ಬಸ್ಸಿನ ಚಾಲಕ; ಚಾಲಕರ ವಸತಿಗೃಹದ ಮೊದಲ ಮಹಡಿಯಲ್ಲಿ ನಮ್ಮ ಮನೆ. ಸೊಸೆ ಲೈಸೆನ್ಸು ಪಡೆದ ಇಂಜಿನಿಯರು. ಇವನು ಓಡಿಸುತ್ತಿದ್ದ ಬಸ್ಸಿನಲ್ಲಿ ಅವಳು ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಬ್ರೇಕಿನ ಸದ್ದು ಸರಿಯಿಲ್ಲ ಎಂದು ಒಂದು ದಿನ ಜಗಳ ತೆಗೆದಳು. ಇವನು ನಕ್ಕ. ಮಾರನೆಯ ದಿನ ಬ್ರೇಕು ಹೋಯಿತು. ಗೋಡೆಗೆ ಒರಸಿ ಬಸ್ಸು ನಿಲ್ಲಿಸಿದವನು ಇಳಿದುಬಂದು ಅವಳ ಹೆಸರು ಕೇಳಿದ. ಆ ಮೇಲಿನದೆಲ್ಲ ಅವರಿಬ್ಬರ ವ್ಯವಹಾರ.

ವಸತಿಗೃಹದ ಅಂಗಳದ ನಡುವೆ ನಾಲ್ಕು ಕಂಬದ ಮೇಲೆ ನೀರಿನ ಟ್ಯಾಂಕು ನಿಂತಿತ್ತು. ಅದರ ನೆರಳಿನಲ್ಲೇ ನಮ್ಮೆಲ್ಲರ ಸಂಸಾರ. ಬಟ್ಟೆ ಒಣಗಿಸುವ ಹಗ್ಗವನ್ನು ಕಂಬಕ್ಕೇ ಕಟ್ಟಿದ್ದೆವು. ಕೆಳಮನೆಯ ಹೊಲಿಗೆಯವಳು ಒಂದು ಕಂಬದ ಪಕ್ಕದ ಜಗಲಿಯಲ್ಲಿ ಮಿಷಿನ್ನು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು. ಅವಳ ಮಿಷಿನ್ನಿನ ಸದ್ದಿಗಿಂತ ಬಾಯಿಯ ಸದ್ದು ಹೆಚ್ಚು, ಆದರೆ ಮನಸ್ಸು ಕೆಟ್ಟದ್ದಲ್ಲ. ಕಂಬಗಳಿಗೆ ವರ್ಷ ವರ್ಷ ಬಣ್ಣ ಬಳಿಯುತ್ತಿದ್ದರು. ಬಣ್ಣ ಬಳಿಯುವುದಕ್ಕೆ ಗುಂಪು ಇತ್ತು, ಒಳಗೆ ಏನಾಗಿದೆ ಎಂದು ನೋಡುವುದಕ್ಕೆ ಇರಲಿಲ್ಲ.

ಒಂದು ರಜೆಯ ದಿನ ಸೊಸೆ ಬಟ್ಟೆ ಹರವಲು ಹೋದವಳು ಬಕೆಟ್ಟು ಅಲ್ಲೇ ಬಿಟ್ಟು ಮೇಲೆ ಬಂದಳು. ತನ್ನ ಸುತ್ತಿಗೆ ತೆಗೆದುಕೊಂಡು ಮತ್ತೆ ಇಳಿದಳು. ಅಂಗೈಯಷ್ಟು ಚಿಕ್ಕ ಸುತ್ತಿಗೆ, ಅವಳ ಕೆಲಸದ್ದು. ನಾಲ್ಕೂ ಕಂಬಗಳನ್ನು ಮೆಲ್ಲಗೆ ತಟ್ಟುತ್ತ, ಕಿವಿ ಕೊಟ್ಟು ಕೇಳುತ್ತ, ಬಾಗಿಲು ಬಡಿಯುವವಳ ಹಾಗೆ ಸುತ್ತಿದಳು. ಹೊಲಿಗೆಯವಳು ಮಿಷಿನ್ನು ನಿಲ್ಲಿಸಿದಳು.

“ಏನಮ್ಮಾ, ಒಳಗೆ ಯಾರಾದ್ರೂ ಇದಾರಾ?”

“ಯಾರೂ ಇಲ್ಲ ಅಕ್ಕಾ. ಅದೇ ತೊಂದರೆ. ಒಳಗೆ ಖಾಲಿ.”

ಮೇಲೆ ಬಂದು ನನಗೆ ಬಿಡಿಸಿ ಹೇಳಿದಳು. “ಮೂರು ಕಂಬ ಗಟ್ಟಿ ಇವೆ ಮಾವ. ಅಕ್ಕನ ಪಕ್ಕದ್ದು ಬರೀ ಮೇಲಿನ ಚಿಪ್ಪು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನ ಬಿಡಿಸಿಬಿಟ್ಟಿದೆ. ಟ್ಯಾಂಕು ತುಂಬಿರೋವಾಗ ಅಷ್ಟು ಭಾರ ಅದು ಹೊರಲಾರದು. ಮೊದಲು ನೀರು ಇಳಿಸಬೇಕು.”

“ಇಳಿಸು ಅಂತ ಹೇಳಿಬಿಡು ಮತ್ತೆ.”

“ಯಾರು ಕೇಳ್ತಾರೆ?”

ಯಾರೂ ಕೇಳಲಿಲ್ಲ. ಅವಳು ನೀರಿನ ಇಲಾಖೆಗೆ ಹೋದಳು. ಅಲ್ಲಿನ ಮೇಲ್ವಿಚಾರಕ ಸಭ್ಯ ಮನುಷ್ಯ, ಕೂರಿಸಿ ಟೀ ಕೊಟ್ಟ. “ನೀವು ಹೇಳೋದು ನಿಜ ಇರಬಹುದಮ್ಮಾ. ಆದರೆ ನಾವು ಕೇಳದೆ ನೀವು ಹೇಳಿದ್ದೀರಿ. ಕೇಳದೆ ಹೇಳಿದ್ದು ಅಭಿಪ್ರಾಯ, ಕೇಳಿಸಿಕೊಂಡು ಹೇಳಿದ್ದು ವರದಿ. ಅಭಿಪ್ರಾಯಕ್ಕೆ ನೀರು ಇಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಟ್ಯಾಂಕು ಪರೀಕ್ಷೆ ಅಂತ ಒಂದು ಕೆಲಸ ಮಂಜೂರು ಮಾಡಿಸ್ತೀನಿ, ವರ್ಗೀಕರಣ ಶಾಖೆಗೆ ಹೋಗಿ ಕೈ ತೋರಿಸಿಬನ್ನಿ,” ಎಂದ.

ಹೋಗುವ ಮುನ್ನ ಅವಳಿಗೆ ನಾನು ಹೇಳಿದೆ. “ತಾಯಿ, ಸುತ್ತಿಗೆ ಮನೇಲಿರಲಿ. ಒಂದು ಸುರುಳಿ ಹಾಳೆ ಹಿಡ್ಕೊ, ಸಾಕು.”

“ನಾನು ಹಾಳೆಯಿಂದ ಕಂಬ ತಟ್ಟಲ್ಲವಲ್ಲ ಮಾವ.”

“ಅವರಿಗೇನು ಗೊತ್ತು?”

“ನನಗೆ ಗೊತ್ತಲ್ಲ.”

ಕೊನೆಗೆ ರಾಜಿಯಾಯಿತು. ಸುತ್ತಿಗೆ ಬಲಗೈಯಲ್ಲಿ, ನಕ್ಷೆಯ ಸುರುಳಿ ಕಂಕುಳಲ್ಲಿ. ಎಡಗೈಯಲ್ಲಿ ಚೀಲ. ನಾನೂ ಜೊತೆಗೆ ಹೋದೆ. ಸ್ಟೂಲಿನ ಮೇಲೆ ಈಗ ಬೇರೆಯವನಿದ್ದ. ಹಳಬ ಎಂದು ನನ್ನನ್ನೂ ಒಳಗೆ ಬಿಟ್ಟ.

ಶಾಖೆಯ ಮುಖ್ಯಸ್ಥರನ್ನು ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ಯಾವ ವಿಷಯಕ್ಕೂ ಎರಡು ಅಂಗೈಗಳನ್ನು ಎತ್ತಿ ತೂಗಿ ನೋಡಿ, ಆಮೇಲೆ ಒಂದನ್ನು ಮೇಜಿನ ಮೇಲೆ ಇಳಿಸುವುದು ಅವರ ಅಭ್ಯಾಸ. ಕಡುಪ್ರಾಮಾಣಿಕರು. ಯಾರಿಂದಲೂ ಒಂದು ಲೋಟ ಕಾಫಿಯನ್ನೂ ಮುಟ್ಟದವರು, ಆದ್ದರಿಂದಲೇ ಅವರ ತೀರ್ಮಾನವನ್ನು ಬದಲಿಸಲು ದಾರಿಯೇ ಇರಲಿಲ್ಲ. ಅವರ ಗುಮಾಸ್ತನಿಗೆ ಹೌದಪ್ಪ ಎಂದು ಹೆಸರು ಬಿದ್ದಿತ್ತು. ಏಕೆಂದು ಹೇಳಬೇಕಿಲ್ಲ.

ತಕ್ಕಡಿ ಸಾಹೇಬರು ಅವಳ ಕೈಯನ್ನೇ ನೋಡಿದರು. “ಸುತ್ತಿಗೆ.”

“ಹೌದು ಸಾರ್, ಸುತ್ತಿಗೆ,” ಎಂದ ಹೌದಪ್ಪ.

“ನಾನು ಲೈಸೆನ್ಸು ಇರೋ ಇಂಜಿನಿಯರು ಸಾರ್,” ಎಂದಳು ಸೊಸೆ. “ನಕ್ಷೆ ಇಲ್ಲಿದೆ ನೋಡಿ.”

“ಅದು ಕಂಕುಳಲ್ಲಿದೆ. ನಾವು ಕೈ ನೋಡ್ತೀವಿ. ಕಂಕುಳು ನೋಡೋ ಪದ್ಧತಿ ಇಲ್ಲ.”

“ಹಾಗಾದ್ರೆ ಈಗ ಕೈಗೆ ತಗೋತೀನಿ.”

“ಮೊದಲು ಹಿಡಿದದ್ದೇ ಹಿಡಿದದ್ದು. ಆಮೇಲೆ ಬದಲಾಯಿಸೋಕೆ ಬಿಟ್ರೆ ನಾಳೆ ಪೊರಕೆಯವನೂ ಪೆನ್ನು ಕೇಳ್ತಾನೆ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ಎಂಬ ಗಾದೆ ಕೇಳಿದ್ದೆ. ಕಂಕುಳಲ್ಲಿ ಇರುವುದನ್ನು ಕಣ್ಣಾರೆ ಕಂಡೂ ಕೂಸಿಲ್ಲ ಎನ್ನುವವರನ್ನು ಅಂದು ನೋಡಿದೆ.

“ಇದರಿಂದ ಏನು ಮಾಡ್ತೀರಿ, ಮಾಡಿ ತೋರಿಸಿ,” ಎಂದರು ಸಾಹೇಬರು. ಅವಳು ಗೋಡೆಗೆ ಹೋಗಿ ತಟ್ಟಿದಳು, ಕಿವಿ ಇಟ್ಟಳು, ಪಕ್ಕಕ್ಕೆ ಸರಿದು ಮತ್ತೆ ತಟ್ಟಿದಳು.

“ಒಡೆಯೋದಿಲ್ಲವಾ?”

“ಇಲ್ಲ.”

“ಮೊಳೆ?”

“ಇಲ್ಲ ಸಾರ್. ಸದ್ದು ಕೇಳ್ತೀನಿ. ಸದ್ದಿನಲ್ಲಿ ಒಳಗಿನ ಸ್ಥಿತಿ ಗೊತ್ತಾಗುತ್ತೆ.”

ಸಾಹೇಬರು ಎರಡೂ ಅಂಗೈ ಎತ್ತಿದರು. “ಒಡೆದ್ರೆ ಕೆಡಹುವ ಕೆಲಸ. ಕೂಡಿಸಿದ್ರೆ ಬಡಗಿ ಕೆಲಸ. ಒಡೆಯದೆ, ಕೂಡಿಸದೆ, ಹೊಡೆದು ಕೇಳೋದು...” ಬಲ ಅಂಗೈ ನಿಧಾನವಾಗಿ ಮೇಜಿಗೆ ಇಳಿಯಿತು. “ವಾದ್ಯಗಳ ಶ್ರುತಿ ಮತ್ತು ದುರಸ್ತಿ.”

“ಹೌದು ಸಾರ್, ಶ್ರುತಿ.”

ಸೊಸೆ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. “ಸಾರ್, ಅದು ನೀರಿನ ಟ್ಯಾಂಕು.”

“ಟೊಳ್ಳಾಗಿದೆಯೋ ಇಲ್ಲವೋ?”

“ಇದೆ.”

“ಹೊಡೆದ್ರೆ ನಾದ ಬರುತ್ತೋ ಇಲ್ಲವೋ?”

“ಬರುತ್ತೆ.”

“ಮತ್ತೆ? ದೊಡ್ಡದು ಅಂದ ಮಾತ್ರಕ್ಕೆ ವಾದ್ಯ ಅಲ್ಲ ಅನ್ನೋಕಾಗುತ್ತಾ?”

ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನಿಗೆ ಜಾಗವಿಲ್ಲ. ನಾನು ಅವಳ ತೋಳು ಮುಟ್ಟಿ, ಹೋಗೋಣ ಎಂದು ಸನ್ನೆ ಮಾಡಿದೆ. ಅವಳು ಅಲುಗಲಿಲ್ಲ.

“ಒಂದು ಕೇಳ್ತೀನಿ ಸಾರ್. ಈ ಶ್ರುತಿ ಮಾಡುವವರಿಗೆ ಏನೇನು ಅಧಿಕಾರ ಇದೆ?”

ಸಾಹೇಬರ ಮುಖ ಅರಳಿತು. ತಮ್ಮ ಗುಂಪುಗಳ ಬಗ್ಗೆ ಯಾರಾದರೂ ಕೇಳಿದರೆ ಅವರು ಮೊಮ್ಮಕ್ಕಳ ಬಗ್ಗೆ ಕೇಳಿದಷ್ಟು ಹಿಗ್ಗುತ್ತಿದ್ದರು. “ಪೂರ್ತಿ ಅಧಿಕಾರ. ವಾದ್ಯ ಶ್ರುತಿಗೆ ಬರೋವರೆಗೂ ಅದು ಶ್ರುತಿಗಾರನ ವಶ. ಬಿಗಿ ಮಾಡಬಹುದು, ಸಡಿಲ ಮಾಡಬಹುದು, ತುಂಬಬಹುದು, ಖಾಲಿ ಮಾಡಬಹುದು. ಯಾವ ಇಲಾಖೆಯೂ ತಡೆಯೋ ಹಾಗಿಲ್ಲ. ಕಲೆ ನೋಡಿ ಅದು.”

ಸೊಸೆ ಕೈಮುಗಿದು ಹೊರಬಂದಳು.

ವಾದ್ಯದ ಗುಂಪು ಎಂದ ಮೇಲೆ ಕಡಿಮೆ ದರದವರಿಗೆ ಕೆಲಸ. ಆದರೆ ಲೈಸೆನ್ಸು ಪಡೆದ ಇಂಜಿನಿಯರು ದರದ ಪೈಪೋಟಿಗೆ ಇಳಿಯುವಂತಿಲ್ಲ. ಇಳಿದರೆ ಲೈಸೆನ್ಸು ಹೋಗುತ್ತದೆ. ಅದು ಅವರ ಪರಿಷತ್ತಿನ ಕಟ್ಟಳೆ, ತಿಳಿವಳಿಕೆಯನ್ನು ಸಂತೆಯಲ್ಲಿ ಕೂಗಿ ಮಾರಬಾರದು ಎಂದು ಮಾಡಿದ್ದು. ಹೀಗಾಗಿ ಟ್ಯಾಂಕನ್ನು ತಿಳಿದವಳು ಅದನ್ನು ಮುಟ್ಟುವಂತಿಲ್ಲ, ಮುಟ್ಟುವವನಿಗೆ ಅದು ತಿಳಿದಿರುವುದಿಲ್ಲ.

ಮುಟ್ಟುವವನು ದರ ಕೂಗುವ ಮುನ್ನ ನೋಡಿಹೋಗಲು ಮಾರನೆಯ ವಾರವೇ ಬಂದ. ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟವನು, ಮೃದು ಮಾತಿನವನು. ಕಂಬಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ನಮ್ಮ ಮನೆಗೆ ಬಂದು ನೀರು ಕೇಳಿದ.

“ಮೂರು ಒಂದೇ ಸ್ವರ ಕೊಡ್ತವೆ ಯಜಮಾನರೇ. ನಾಲ್ಕನೆಯದು ಕೆಳಗೆ ಬಿದ್ದಿದೆ.”

“ಏನು ಮಾಡ್ತೀರಿ?” ಎಂದು ಸೊಸೆ ಕೇಳಿದಳು.

“ಏನಿಲ್ಲ ತಾಯಿ. ಸ್ವರ ಕೆಳಗಿದ್ರೆ ಅರ ಹಾಕಿ ಉಜ್ಜಬೇಕು. ನಮ್ಮ ಹಾರ್ಮೋನಿಯಂ ಒಳಗಿನ ಹಿತ್ತಾಳೆ ಪೀಪಿಗಳಿಗೆ ಹಾಗೇ ಮಾಡೋದು. ಸ್ವಲ್ಪ ಸ್ವಲ್ಪ ಕೆತ್ತಿ ತೆಳ್ಳಗೆ ಮಾಡ್ತಾ ಹೋದ್ರೆ ಸ್ವರ ಏರುತ್ತೆ.”

ಅವನು ಹೋದ ಮೇಲೆ ಮಗ ತಲೆಯ ಮೇಲೆ ಕೈಯಿಟ್ಟು ಕೂತ. ಇತ್ತ ದರಿ, ಅತ್ತ ಪುಲಿ. ಸುಮ್ಮನಿದ್ದರೆ ಕಂಬ ತಾನಾಗಿ ಹೋಗುತ್ತದೆ, ಕೆಲಸ ಮಾಡಿಸಿದರೆ ಅರ ಹಾಕಿ ಕಳಿಸುತ್ತಾರೆ.

“ಮನೆ ಬಿಟ್ಟುಬಿಡೋಣ,” ಎಂದ ಮಗ.

“ನಾವು ಬಿಡಬಹುದು. ಅಕ್ಕ? ಉಳಿದ ಮನೆಯವರು?” ಎಂದಳು ಸೊಸೆ. ಆಮೇಲೆ ಸೌತೆಕಾಯಿ ಹೆಚ್ಚುತ್ತಲೇ, ಅದೇ ದನಿಯಲ್ಲಿ ಹೇಳಿದಳು: “ಲೈಸೆನ್ಸು ವಾಪಸು ಕೊಡ್ತೀನಿ. ಆಗ ದರ ಕೂಗಬಹುದು. ಶ್ರುತಿ ಮಾಡುವವಳಾಗಿ ನೀರು ಖಾಲಿ ಮಾಡಬಹುದು.”

ಮಗ ಅವಳನ್ನೇ ನೋಡಿದ. ಅವಳು ಓದುವಾಗ ಅವನು ಎರಡು ಪಾಳಿ ಗಾಡಿ ಓಡಿಸಿದ್ದ. “ವಾಪಸು ಕೊಟ್ಟದ್ದು ಮತ್ತೆ ಸಿಗುತ್ತಾ?”

“ಪರೀಕ್ಷೆ ಬರೀಬೇಕು. ಮೊದಲಿಂದ. ಅದಕ್ಕೂ ಮುಂಚೆ ಯಾರಾದ್ರೂ ಲೈಸೆನ್ಸು ಇರೋವರ ಕೈಕೆಳಗೆ ಕಲಿಯೋಕೆ ಇರಬೇಕು.”

“ಅಂದ್ರೆ ನಾನು ಮತ್ತೆ ಎರಡು ಪಾಳಿ.”

“ಹೂಂ.”

“ಬ್ರೇಕಿನ ಮಾತು ಕೇಳದೆ ಒಂದು ಸಲ ಗೋಡೆಗೆ ಹೋಗಿದ್ದೀನಿ. ಕೊಟ್ಟು ಬಾ,” ಎಂದ. ನಗಿಸಲೆಂದೇ ಹೇಳಿದ್ದು. ಅವಳು ನಗಲಿಲ್ಲ.

ಪರಿಷತ್ತಿಗೂ ನಾನೇ ಜೊತೆ ಹೋದೆ. ಅಲ್ಲಿನ ಅಧಿಕಾರಿ ಎಳೆಯ ಪ್ರಾಯದವನು, ಲೈಸೆನ್ಸು ಹಿಂದಿರುಗಿಸುವವರನ್ನು ಜನ್ಮದಲ್ಲಿ ನೋಡಿರಲಿಲ್ಲ.

“ಕಾರಣ ಏನಂತ ಹಾಕಲಿ? ಇಲ್ಲಿ ಮೂರೇ ಇವೆ. ಮರಣ, ಅಪರಾಧ, ವೃದ್ಧಾಪ್ಯ.”

“ಬೇರೆ ಕೆಲಸಕ್ಕೆ ಹೋಗ್ತಿದ್ದೀನಿ ಅಂತ ಹಾಕಿ.”

“ಬೇರೆ ಅಂತ ಇಲ್ಲಮ್ಮ. ಈ ಮೂರರಲ್ಲಿ ನಿಮಗೆ ಯಾವುದು ಅನುಕೂಲ ನೋಡಿ.”

ಸೊಸೆ ಯೋಚಿಸಿ ವೃದ್ಧಾಪ್ಯ ಎಂದಳು. ಅವಳ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಅವನು ನನ್ನ ಮುಖ ನೋಡಿದ. ಮುದುಕ ನಾನು ಪಕ್ಕದಲ್ಲಿ ನಿಂತದ್ದು ಸಾಕ್ಷಿಗೆ ಸಾಕಾಯಿತೋ ಏನೋ, ಬರೆದುಕೊಂಡ. ಅವಳು ಚೀಲದಿಂದ ತನ್ನ ಹೆಸರಿನ ಮೊಹರು ತೆಗೆದಳು. ಅಂಚಿನಲ್ಲಿ ಶಾಯಿ ಮೆತ್ತಿತ್ತು. ಕರವಸ್ತ್ರದಿಂದ ಅದನ್ನು ಪೂರ್ತಿ ಒರಸಿ, ಅಕ್ಷರದ ಸಂದುಗಳನ್ನೂ ಉಗುರಿನಿಂದ ಬಿಡಿಸಿ, ಮೇಜಿನ ಮೇಲೆ ಇಟ್ಟಳು. ಹೊರಗೆ ಬಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಈ ಕಡೆ ನೋಡುತ್ತ ಕೂತೆ. ಕೆಲವು ಹೊತ್ತಿನಲ್ಲಿ ಮಾತಾಡಿಸದಿರುವುದೇ ಹಿರಿತನ.

ದರ ಕೂಗುವ ದಿನ ಅವಳೇ ಕಡಿಮೆ ಕೂಗಿದಳು. ಹಾರ್ಮೋನಿಯಂನವನಿಗೆ ಬೇಸರವಾಗಲಿಲ್ಲ. “ಅಷ್ಟು ದೊಡ್ಡ ಅರ ಎಲ್ಲಿ ತರೋದು ಅಂತ ನಾನೂ ಯೋಚಿಸ್ತಿದ್ದೆ,” ಎಂದು ಹೇಳಿ ಹೋದ.

ಶ್ರುತಿ ಮಾಡುವ ದಿನ ಬೆಳಿಗ್ಗೆಯೇ ತಕ್ಕಡಿ ಸಾಹೇಬರು, ಹೌದಪ್ಪ, ನೀರಿನ ಇಲಾಖೆಯ ಮೇಲ್ವಿಚಾರಕ, ಇನ್ನೂ ಕೆಲವರು ಬಂದರು. ಬಿಸಿಲೆಂದು ಕುರ್ಚಿಗಳನ್ನು ಟ್ಯಾಂಕಿನ ಅಡಿಯಲ್ಲೇ ಹಾಕಿಸಿದ್ದರು. ಸೊಸೆಯ ಮುಖ ಬಿಳಿಚಿತು.

“ಸಾರ್, ಕಛೇರಿ ಕೇಳೋರು ತಬಲದ ಒಳಗೆ ಕೂರ್ತಾರಾ? ದಯವಿಟ್ಟು ಆ ಗೇಟಿನ ಹತ್ತಿರ ಕೂತ್ಕೊಳ್ಳಿ. ನಾದ ಅಲ್ಲಿಗೆ ಚೆನ್ನಾಗಿ ಬರುತ್ತೆ.”

“ಹೌದು ಸಾರ್, ಬರುತ್ತೆ,” ಎಂದು ಹೌದಪ್ಪ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡ.

ಅವಳು ಏಣಿ ಹತ್ತಿ ಟ್ಯಾಂಕಿನ ಹೊಟ್ಟೆಗೆ ಒಂದು ಏಟು ಕೊಟ್ಟಳು. ನೀರು ತುಂಬಿದ ಹೊಟ್ಟೆ, ಮಣ್ಣಿಗೆ ಗುದ್ದಿದ ಹಾಗೆ ಸದ್ದಾಯಿತು. ಇಳಿದು ಬಂದು ಕಂಬ ತಟ್ಟಿದಳು. ದೊಳ್ ಎಂದಿತು.

“ಕೇಳಿದ್ರಲ್ಲ ಸಾರ್. ಎರಡಕ್ಕೂ ಹೊಂದಾಣಿಕೆ ಇಲ್ಲ. ನೀರು ಹೆಚ್ಚಾಗಿದೆ.”

“ಜಲತರಂಗದ ಬಟ್ಟಲುಗಳಿಗೂ ಹಾಗೇ,” ಎಂದು ಸಾಹೇಬರು ಸುತ್ತಲಿನವರಿಗೆ ವಿವರಿಸಿದರು.

ಅವಳು ಕೆಳಗಿನ ಕವಾಟ ತಿರುಗಿಸಿದಳು. ನೀರು ಭೋರೆಂದು ಅಂಗಳಕ್ಕೆ ಬಿತ್ತು. ಮೇಲ್ವಿಚಾರಕ ಕುರ್ಚಿ ಬಿಟ್ಟು ಎದ್ದ. “ನಿಲ್ಲಿಸಿ, ನಿಲ್ಲಿಸಿ. ನೀರು ಬಿಡೋಕೆ ಇಂಜಿನಿಯರ ಆದೇಶ ಬೇಕು.”

“ಇಲ್ಲಿ ಇಂಜಿನಿಯರೂ ಇಲ್ಲ, ನೀರೂ ಇಲ್ಲ,” ಎಂದರು ತಕ್ಕಡಿ ಸಾಹೇಬರು. ಅಷ್ಟು ಗಟ್ಟಿ ದನಿ ಅವರಿಂದ ನಾನು ಕೇಳಿರಲಿಲ್ಲ. “ಇದು ಶ್ರುತಿ. ನಮ್ಮ ಶಾಖೆ ತೀರ್ಮಾನ ಮಾಡಿದೆ. ಶ್ರುತಿಗಾರರ ಕೈ ಹಿಡಿಯೋಕೆ ನಿಮಗೆ ಯಾರು ಹೇಳಿದ್ರು? ಕೂತ್ಕೊಳ್ಳಿ.”

ಎತ್ತು ಈಯಿತು ಎಂದ ಮೇಲೆ ಕರುವನ್ನು ಕಟ್ಟಲೇಬೇಕು. ಮೇಲ್ವಿಚಾರಕ ಕೂತ.

ಮಹಡಿ ಮಹಡಿಗಳಿಂದ ಬಿಂದಿಗೆ, ಬಕೆಟ್ಟು, ಮಗುವಿನ ಸ್ನಾನದ ತೊಟ್ಟಿ ಎಲ್ಲ ಹಿಡಿದು ಜನ ಓಡಿ ಬಂದರು. ಹೊಲಿಗೆಯವಳ ಬಾಯಿಗೆ ಹಬ್ಬ. “ಓದಿದವರ ಕೈಗೆ ಸುತ್ತಿಗೆ ಕೊಟ್ರೆ ಹೀಗೇ. ನಾಳೆ ಬೆಳಿಗ್ಗೆ ಎಲ್ಲರೂ ಇವಳ ಮನೆಗೇ ಚೆಂಬು ಹಿಡ್ಕೊಂಡು ಹೋಗೋಣ,” ಎಂದು ಅಂಗಳ ತುಂಬ ಸಾರಿದಳು. ಸೊಸೆ ಕೇಳಿಯೂ ಕೇಳದ ಹಾಗೆ ಹರಿಯುವ ನೀರನ್ನೇ ನೋಡುತ್ತ ನಿಂತಿದ್ದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಧಾರೆ ಸಣ್ಣಗಾಗಿ ನಿಂತಿತು. ಅವಳು ಮತ್ತೆ ಹತ್ತಿ ಹೊಟ್ಟೆಗೆ ತಟ್ಟಿದಳು. ಖಾಲಿ ಟ್ಯಾಂಕು ಗಂಟೆಯ ಹಾಗೆ ಮೊಳಗಿತು. ಇಳಿದು ಕಂಬ ತಟ್ಟಿದಳು, ದೊಳ್.

“ಈಗ ಒಂದಕ್ಕೊಂದು ಹೊಂದಿಕೊಂಡವು ಸಾರ್.”

ಸಾಹೇಬರು ಕಣ್ಣು ಮುಚ್ಚಿ ತಲೆಯಾಡಿಸಿದರು. “ಆಹಾ. ಸೇರಿತು.”

“ಹೌದು ಸಾರ್, ಸೇರಿತು.” ಉಳಿದವರೂ ತಲೆಯಾಡಿಸಿದರು. ಸೇರಲಿಲ್ಲ ಎಂದರೆ ಸಂಗೀತ ಬಾರದವರೆಂದು ಗೊತ್ತಾಗಿಬಿಡುತ್ತದಲ್ಲ.

“ಒಂದು ಹನಿ ನೀರು ತುಂಬಿದ್ರೂ ಶ್ರುತಿ ಕೆಡುತ್ತೆ ಸಾರ್. ಇದು ಹೀಗೇ ಇರಬೇಕು. ಸುತ್ತ ಹಗ್ಗ ಕಟ್ಟಿಸಿ, ಹತ್ತಿರ ಯಾರೂ ಸುಳಿಯಬಾರದು. ಆ ಜಗಲೀಲಿ ಹೊಲಿಗೆ ಮಿಷಿನ್ನೂ ಇರಕೂಡದು. ಅದರ ಗಡಗಡಕ್ಕೆ ಸ್ವರ ಜಾರುತ್ತೆ.”

ಎಲ್ಲವೂ ಆದೇಶವಾಯಿತು. ನಮಗೆ ಲಾರಿಯಲ್ಲಿ ನೀರು ಬರತೊಡಗಿತು. ಹೊಲಿಗೆಯವಳು ಮಿಷಿನ್ನನ್ನು ಹಿಂದಿನ ಕತ್ತಲು ಕೋಣೆಗೆ ಎಳೆದುಕೊಂಡು ಹೋದಳು. ಸೊಸೆ ಎದುರಾದಾಗಲೆಲ್ಲ ಮುಖ ತಿರುಗಿಸಿದಳು. ವಸತಿಗೃಹದ ಹೆಂಗಸರೂ ಮಾತು ಬಿಟ್ಟರು. ನಿಜ ಹೇಳಿಬಿಡೋಣವೇ ಎಂದು ನಾನು ಕೇಳಿದೆ. “ಹೇಳಿದ್ರೆ ಸುದ್ದಿ ಶಾಖೆಗೆ ಮುಟ್ಟುತ್ತೆ ಮಾವ. ಮತ್ತೆ ನೀರು ತುಂಬಿಸ್ತಾರೆ. ಬೈಕೊಳ್ಳಲಿ ಬಿಡಿ,” ಎಂದಳು.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ ಜೋರು ಗಾಳಿ ಎದ್ದಿತು. ನಾನು ಕಿಟಕಿಯಲ್ಲಿದ್ದೆ. ಆ ಕಂಬದ ಮೇಲಿನ ಬಣ್ಣದ ಚಿಪ್ಪು ಬಾಗಿಲಿನ ಹಾಗೆ ಒಂದೇ ತುಂಡಾಗಿ ಕಳಚಿ ಬಿತ್ತು. ಒಳಗೆ ಕಬ್ಬಿಣ ಇರಬೇಕಾದಲ್ಲಿ ಕೆಂಪು ಪುಡಿ. ಟ್ಯಾಂಕು ಒಮ್ಮೆ ಯಾರನ್ನೋ ಕರೆಯುವ ಹಾಗೆ ನರಳಿ, ವಾಲಿ, ಜಗಲಿಯ ಮೇಲೆ ಕೂತಿತು. ಜಗಲಿ ಇರಲಿಲ್ಲವೆಂಬಂತೆ ಹೋಯಿತು. ಧೂಳು ಇಳಿದಾಗ ಹೊಲಿಗೆಯವಳು ಹಿಂದಿನ ಕೋಣೆಯಿಂದ, ಕೈಯಲ್ಲಿ ಅರ್ಧ ಹೊಲಿದ ಅಂಗಿ ಹಿಡಿದು ಹೊರಗೆ ಬಂದಳು. ತನ್ನ ಜಗಲಿ ಇದ್ದ ಜಾಗ ನೋಡಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಬಾಯಿಂದ ಏನೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಕಡೆಯವರೂ ಬಂದರು. ಪರಿಷತ್ತಿನಿಂದ ಆ ಎಳೆಯ ಅಧಿಕಾರಿ, ಶಾಖೆಯಿಂದ ತಕ್ಕಡಿ ಸಾಹೇಬರು. ಬಂದ ಉದ್ದೇಶ ಬೇರೆ ಬೇರೆ, ಪ್ರಶ್ನೆ ಒಂದೇ.

“ಬೀಳುತ್ತೆ ಅಂತ ನಿಮಗೆ ಗೊತ್ತಿತ್ತಾ?” ಎಂದು ಪರಿಷತ್ತಿನವನು ಸೊಸೆಯನ್ನು ಕೇಳಿದ.

ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಗೊತ್ತಿತ್ತು ಎಂದರೆ, ಲೈಸೆನ್ಸು ಇಲ್ಲದೆ ಇಂಜಿನಿಯರ ಕೆಲಸ ಮಾಡಿದ ಹಾಗೆ. ಇನ್ನೆಂದೂ ಪರೀಕ್ಷೆಗೆ ಕೂರುವಂತಿಲ್ಲ. ಗೊತ್ತಿರಲಿಲ್ಲ ಎಂದರೆ, ವಶಕ್ಕೆ ಕೊಟ್ಟ ವಾದ್ಯವನ್ನು ಬೀಳಿಸಿದ ತಪ್ಪು ಅವಳದೇ. ಟ್ಯಾಂಕಿನ ಹೊಣೆ ಪೂರ್ತಿ ತಲೆಗೆ. ಮಗ ನನ್ನ ಭುಜ ಹಿಡಿದಿದ್ದ, ಬೆರಳು ಊರಿಕೊಂಡಿತ್ತು.

“ಹೇಳಮ್ಮಾ,” ಎಂದರು ತಕ್ಕಡಿ ಸಾಹೇಬರು. ಅವರ ದನಿಯಲ್ಲಿ ಬೇಡಿಕೆ ಇತ್ತು. ಅವಳು ಗೊತ್ತಿತ್ತು ಎಂದರೆ ಅವರ ಬಲ ಅಂಗೈ ತಪ್ಪಾಗಿ ಇಳಿದ ಹಾಗೆ.

ಸೊಸೆ ಬಿದ್ದ ಟ್ಯಾಂಕನ್ನು ನೋಡಿದಳು. “ನಾಲ್ಕನೆಯ ಕಂಬ ಬೇಸುರ ಅಂತ ಗೊತ್ತಿತ್ತು. ಬೇಸುರದ ವಾದ್ಯ ಇರೋ ಕಡೆ ಜನ ಇರಬಾರದು ಅಂತಾನೂ ಗೊತ್ತಿತ್ತು. ಅದನ್ನ ಅವತ್ತೇ ಸಾಹೇಬರ ಎದುರು ಹೇಳಿದ್ದೀನಿ, ಆದೇಶವೂ ಆಗಿದೆ.”

ಪರಿಷತ್ತಿನವನು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. “ಬೇಸುರ ಅಂದ್ರೆ? ಕಬ್ಬಿಣ ತುಕ್ಕು ಹಿಡಿದಿದೆ ಅಂತ ತಾನೇ?”

“ಬೇಸುರ ಅಂದ್ರೆ ಬೇಸುರ,” ಎಂದು ನಡುವೆ ಬಂದವಳು ಹೊಲಿಗೆಯವಳು. ಬಾಯಿ ಮರಳಿ ಬಂದಿತ್ತು. “ಕಿವಿ ಇಲ್ವಾ ನಿಮಗೆ? ನಮಗೆಲ್ಲ ಕೇಳಿಸ್ತಿತ್ತು. ಇಲ್ಲಿ ಯಾವ ಇಂಜಿನಿಯರೂ ಬಂದಿಲ್ಲಪ್ಪ, ಬಂದಿದ್ರೆ ಹೀಗಾಗ್ತಿತ್ತಾ? ಇವಳು ಶ್ರುತಿ ಮಾಡೋಳು. ಅಪಸ್ವರ ಕಂಡಿತು, ದೂರ ಇರಿ ಅಂದಳು. ನನ್ನ ಮಿಷಿನ್ನೂ ಸರಿಸಿದಳು. ಅದು ಅಪರಾಧ ಆದ್ರೆ ನನ್ನನ್ನೂ ಬರ್ಕೊ.”

“ಶ್ರುತಿಯೇ,” ಎಂದರು ತಕ್ಕಡಿ ಸಾಹೇಬರು, ಉಸಿರು ಬಿಟ್ಟು. “ಮೊದಲಿಂದ ಕೊನೆವರೆಗೂ ಶ್ರುತಿ. ವಾದ್ಯ ಹಳೇದಾಗಿತ್ತು. ಶ್ರುತಿಗಾರರ ತಪ್ಪಿಲ್ಲ.”

“ಹೌದು ಸಾರ್, ಇಲ್ಲ.”

ಪರಿಷತ್ತಿನವನು ಕಾಗದ ಮಡಚಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಾವು ತನ್ನ ಹುತ್ತಕ್ಕೆ ಹೋಯಿತು, ನಮಗೆ ಅಷ್ಟು ಸಾಕಿತ್ತು. ಅಂದು ಸಂಜೆ ಹೊಲಿಗೆಯವಳು ಮೇಲೆ ಬಂದು ಸೊಸೆಯ ಕೈಯಲ್ಲಿದ್ದ ಪಾತ್ರೆ ಕಿತ್ತುಕೊಂಡು ತಾನೇ ತೊಳೆದು ಹೋದಳು.

ಈಗ ಹೊಸ ಟ್ಯಾಂಕು ಕಟ್ಟುತ್ತಿದ್ದಾರೆ. ಸೊಸೆ ಒಬ್ಬ ಲೈಸೆನ್ಸುದಾರನ ಕೈಕೆಳಗೆ ಕಲಿಯುವವಳಾಗಿ ಸೇರಿದ್ದಾಳೆ. ಅವನು ಅವಳಿಗಿಂತ ಚಿಕ್ಕವನು. ಎದುರಿಗೆ ಗತ್ತು ಮಾಡಿ, ಯಾರೂ ಇಲ್ಲದಾಗ ಅಕ್ಕಾ ಇದು ಹೇಗೆ ಎಂದು ಕೇಳುತ್ತಾನಂತೆ. ವರ್ಗೀಕರಣ ಶಾಖೆಯಿಂದ ಆಗಾಗ ಕರೆ ಬರುತ್ತದೆ, ಬಸ್ ನಿಲ್ದಾಣದ ಚಾವಣಿಗೆ ಶ್ರುತಿ ಬೇಕು, ಆಸ್ಪತ್ರೆಯ ಮೆಟ್ಟಿಲಿಗೆ ಶ್ರುತಿ ಬೇಕು ಎಂದು. ಪರೀಕ್ಷೆ ಮುಗಿಯಲಿ ಎಂದು ಹೇಳಿಕಳಿಸುತ್ತಾಳೆ. ಮಗ ಎರಡು ಪಾಳಿ ಓಡಿಸುತ್ತಿದ್ದಾನೆ.

ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅವಳು ಹಳೆಯ ಪಾಠಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಎದುರಿಗೆ ಪುಸ್ತಕ ಹಿಡಿದು ಕೂರುವ ಕೆಲಸ ನನ್ನದು. ಅದರಲ್ಲಿರುವುದು ನನಗೆ ಓದಲು ಬಾರದು. ಸರಿ ಹೇಳಿದಳೋ ತಪ್ಪು ಹೇಳಿದಳೋ ತಿಳಿಯದು. ಅವಳು ತಡವರಿಸಿದರೆ ಮಾತ್ರ ಪುಸ್ತಕದ ಮೇಲಿಂದ ಕಣ್ಣೆತ್ತಿ ನೋಡುತ್ತೇನೆ. ನೋಡಿದರೆ ಸಾಕು, ಮತ್ತೆ ಆ ಪಾಠದ ಮೊದಲಿನಿಂದ ಹಿಡಿಯುತ್ತಾಳೆ.